ಸ್ಕಾಟ್ಲೆಂಡಿನ ಹಳ್ಳಿಮನೆಯೊಂದನ್ನು 19ನೇ ಶತಮಾನದ ಜನಗಣತಿಯಲ್ಲಿ ಓದುವ ಬಗೆ

ಗಣತಿಯ ಪುಟದಲ್ಲಿ ಹುಡುಕುತ್ತಿದ್ದ ಹೆಸರು ಸಿಕ್ಕಿದರೆ ಹೆಚ್ಚಿನವರು ಯಜಮಾನನ ವಯಸ್ಸು, ಹೆಂಡತಿಯ ಹೆಸರು, ಮಕ್ಕಳ ಸಂಖ್ಯೆ ಬರೆದುಕೊಂಡು ಮುಂದಿನ ದಶಕಕ್ಕೆ ಜಿಗಿಯುತ್ತಾರೆ. ಸ್ಕಾಟ್ಲೆಂಡಿನ ಹಳ್ಳಿಗಾಡಿನ ಮಟ್ಟಿಗೆ ಇದು ದೊಡ್ಡ ನಷ್ಟ. ಅಲ್ಲಿ ಹೊಲದಲ್ಲಿ ದುಡಿದವರಲ್ಲಿ ಬಹುಪಾಲು ಮಂದಿಗೆ ಸ್ವಂತ ನೆಲವಿರಲಿಲ್ಲ. ಒಂದೋ ಗೇಣಿದಾರರು, ಇಲ್ಲವೇ ಆರು ತಿಂಗಳಿಗೋ ವರ್ಷಕ್ಕೋ ಒಪ್ಪಂದ ಮಾಡಿಕೊಂಡು ಧಣಿ ಬದಲಿಸುತ್ತಿದ್ದ ಆಳುಗಳು. ಇಂಥ ಮನೆಯ ಕಥೆ ಹೆಸರಿನ ಅಂಕಣಕ್ಕಿಂತ ಮಕ್ಕಳ ಹುಟ್ಟೂರಿನ ಅಂಕಣದಲ್ಲಿ ಹೆಚ್ಚು ಇರುತ್ತದೆ. ಅದನ್ನು ಓದಬೇಕಾದರೆ ಮೊದಲು ಪುಟ ಹೇಗೆ ತಯಾರಾಯಿತು ಎನ್ನುವುದು ಗೊತ್ತಿರಬೇಕು.

ಯಾವ ವರ್ಷದ ಗಣತಿ ಏನು ಕೊಡುತ್ತದೆ

1801ರಿಂದ ಹತ್ತು ವರ್ಷಕ್ಕೊಮ್ಮೆ ಗಣತಿ ನಡೆದರೂ 1831ರವರೆಗಿನವು ಬಹುತೇಕ ತಲೆಯೆಣಿಕೆ ಮಾತ್ರ. ಎಲ್ಲ ಕಡೆಯೂ ಜನರ ಹೆಸರು ಬರೆದದ್ದು 1841ರಿಂದ. ಗಣತಿಯ ರಾತ್ರಿಗಳ ಪಟ್ಟಿಯನ್ನು ಕೈಗೆಟಕುವಂತೆ ಇಟ್ಟುಕೊಳ್ಳಿ, ವಯಸ್ಸಿನ ಲೆಕ್ಕಕ್ಕೆ ಮತ್ತೆ ಮತ್ತೆ ಬೇಕಾಗುತ್ತದೆ: 1841 ಜೂನ್ 6, 1851 ಮಾರ್ಚ್ 30, 1861 ಏಪ್ರಿಲ್ 7, 1871 ಏಪ್ರಿಲ್ 2, 1881 ಏಪ್ರಿಲ್ 3, 1891 ಏಪ್ರಿಲ್ 5, 1901 ಮಾರ್ಚ್ 31.

1841ರ ಪುಟ ಬಡವಾದದ್ದು. ಸಂಬಂಧ ಬರೆದಿಲ್ಲ, ಮದುವೆಯಾಗಿದೆಯೋ ಇಲ್ಲವೋ ತಿಳಿಯದು. ಹುಟ್ಟೂರಿನ ಬದಲು ಅದೇ ಕೌಂಟಿಯಲ್ಲಿ (ನಮ್ಮ ಜಿಲ್ಲೆಯಂಥ ವಿಭಾಗ) ಹುಟ್ಟಿದ್ದರೆ ವೈ, ಇಲ್ಲವಾದರೆ ಎನ್, ಇಂಗ್ಲೆಂಡಾದರೆ ಇ, ಐರ್ಲೆಂಡಾದರೆ ಐ, ಹೊರದೇಶವಾದರೆ ಎಫ್, ಇಷ್ಟೇ. ಒಂದು ಮನೆತನ ಮುಗಿದಲ್ಲಿ ಒಂದು ಓರೆಗೆರೆ, ಕಟ್ಟಡವೇ ಮುಗಿದಲ್ಲಿ ಎರಡು ಓರೆಗೆರೆ. ಈ ಗೆರೆಗಳನ್ನು ಗಮನಿಸದೆ ಪಕ್ಕದ ಮನೆಯವರನ್ನೂ ಒಂದೇ ಕುಟುಂಬಕ್ಕೆ ಸೇರಿಸಿಕೊಳ್ಳುವುದು ಹೊಸಬರಲ್ಲಿ ತುಂಬ ಸಾಮಾನ್ಯ.

1851ರಿಂದ ಯಜಮಾನನಿಗೆ ಪ್ರತಿಯೊಬ್ಬರ ಸಂಬಂಧ, ವೈವಾಹಿಕ ಸ್ಥಿತಿ, ಹುಟ್ಟಿದ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಸೀಮೆ) ಮತ್ತು ಕೌಂಟಿ ಬರುತ್ತವೆ. 1861ರಲ್ಲಿ ಸ್ಕಾಟ್ಲೆಂಡ್ ತನ್ನದೇ ರಿಜಿಸ್ಟ್ರಾರ್ ಜನರಲ್ ಕೈಕೆಳಗೆ ಮೊದಲ ಗಣತಿ ನಡೆಸಿತು. ಒಂದಾದರೂ ಕಿಟಕಿಯಿರುವ ಕೋಣೆಗಳೆಷ್ಟು ಎಂಬ ಅಂಕಣ ಆಗ ಸೇರಿತು. 1881ರಲ್ಲಿ ಸ್ಕಾಟ್ಲೆಂಡಿನ ಹಳೆಯ ನುಡಿಯಾದ ಗೇಲಿಕ್ ಭಾಷೆಯ ಪ್ರಶ್ನೆ ಬಂತು. 1891ರಲ್ಲಿ ಅದು ಗೇಲಿಕ್ ಮಾತ್ರವೋ, ಗೇಲಿಕ್ ಮತ್ತು ಇಂಗ್ಲಿಷ್ ಎರಡೂವೋ ಎಂದು ಬೇರೆಯಾಯಿತು.

ನಮಗೆ ಸಿಗುವ ಪುಟ ಮನೆಯವರು ತುಂಬಿದ ನಮೂನೆಯಲ್ಲ. ಮನೆಮನೆಯ ನಮೂನೆಗಳನ್ನು ಗಣತಿದಾರ ತನ್ನ ಪುಸ್ತಕಕ್ಕೆ ನಕಲು ಮಾಡಿದ್ದು ಉಳಿದಿದೆ, ಮೂಲ ನಮೂನೆಗಳು ನಾಶವಾಗಿವೆ. ಹಾಗಾಗಿ ತಪ್ಪಿಗೆ ಮೂರು ಬಾಗಿಲು: ಹೇಳಿದವರು, ನಕಲು ಮಾಡಿದವನು, ಇವತ್ತು ಸೂಚಿ ಮಾಡಲು ಓದಿದವರು.

ಪುಟವನ್ನು ಹುಡುಕುವುದು

ಮೂಲ ಪುಸ್ತಕಗಳು ಎಡಿನ್‌ಬರೊದ ನ್ಯಾಷನಲ್ ರೆಕಾರ್ಡ್ಸ್ ಆಫ್ ಸ್ಕಾಟ್ಲೆಂಡ್‌ನಲ್ಲಿವೆ. ಅವುಗಳ ಚಿತ್ರಗಳು ಸ್ಕಾಟ್ಲೆಂಡ್ಸ್‌ಪೀಪಲ್ ಜಾಲತಾಣದಲ್ಲಿ ಸಿಗುತ್ತವೆ. ಸೂಚಿಯಲ್ಲಿ ಹುಡುಕಲು ಹಣ ಬೇಡ, ಪುಟದ ಚಿತ್ರ ತೆರೆಯಲು ಕ್ರೆಡಿಟ್ ಕೊಳ್ಳಬೇಕು. ಆನ್ಸೆಸ್ಟ್ರಿ, ಫೈಂಡ್‌ಮೈಪಾಸ್ಟ್ ಎಂಬ ವಂಶಾವಳಿ ಜಾಲತಾಣಗಳಲ್ಲಿ ಸ್ಕಾಟ್ಲೆಂಡಿನ ಈ ಗಣತಿಗಳ ಬೆರಳಚ್ಚು ಪ್ರತಿ ಇದೆ, ಚಿತ್ರ ಇಲ್ಲ. ಸ್ವಯಂಸೇವಕರು ನಡೆಸುವ ಫ್ರೀಸೆನ್ ಉಚಿತ, ಆದರೆ ಎಲ್ಲ ಕೌಂಟಿ, ಎಲ್ಲ ವರ್ಷ ಅಲ್ಲಿಲ್ಲ. ಖರ್ಚು ಉಳಿಸುವ ದಾರಿ ಇದು: ಬೆರಳಚ್ಚು ಪ್ರತಿಯಲ್ಲಿ ಮನೆಯನ್ನು ಗುರುತಿಸಿ, ಪ್ಯಾರಿಷ್, ಗಣತಿ ವಲಯದ ಸಂಖ್ಯೆ, ಪುಟ ಸಂಖ್ಯೆ ಬರೆದುಕೊಂಡು, ಆಮೇಲೆ ಆ ಒಂದು ಚಿತ್ರಕ್ಕೆ ಮಾತ್ರ ಹಣ ಕೊಡುವುದು. ಚಿತ್ರವನ್ನು ನೋಡದೆ ಬಿಡುವುದು ಮಾತ್ರ ಬೇಡ.

ಹೆಸರು ಸಿಗದಿದ್ದರೆ ಕಾಗುಣಿತವನ್ನು ಅನುಮಾನಿಸಿ. ಮ್ಯಾಕ್ ಎಂಬುದನ್ನು ಎಂ, ಎಂಸಿ, ಮ್ಯಾಕ್ ಎಂದು ಮೂರು ರೀತಿ ಬರೆದಿರುತ್ತಾರೆ. ಅಡ್ಡಹೆಸರಿನ ಮುಂಭಾಗ ಬಿಟ್ಟು ನಕ್ಷತ್ರ ಚಿಹ್ನೆ ಹಾಕಿ ಹುಡುಕಿ. ಕರೆಯುವ ಹೆಸರೂ ಬದಲಾಗುತ್ತದೆ. ಜೇನ್, ಜೀನ್, ಜ್ಯಾನೆಟ್, ಜೆಸ್ಸಿ ಒಬ್ಬಳೇ ಆಗಿರಬಹುದು. ಎಲ್ಸ್‌ಪೆತ್, ಎಲಿಜಬೆತ್, ಬೆಟ್ಸಿ ಹಾಗೆಯೇ. ಪ್ಯಾಟ್ರಿಕ್ ಎಂದರೆ ಪೀಟರ್, ಡೊನಾಲ್ಡ್ ಎಂದರೆ ಡೇನಿಯಲ್. ಗೇಲಿಕ್ ಸೀಮೆಯಲ್ಲಿ ಮೋರಗ್ ಎಂಬವಳನ್ನು ಒಬ್ಬ ಗಣತಿದಾರ ಸಾರಾ ಎಂದರೆ ಇನ್ನೊಬ್ಬ ಮೇರಿಯನ್ ಎಂದಿರುತ್ತಾನೆ. ಇದೂ ಕೈಕೊಟ್ಟರೆ ಅಡ್ಡಹೆಸರನ್ನೇ ಖಾಲಿ ಬಿಡಿ. ಮನೆಯ ಮಕ್ಕಳಲ್ಲಿ ಅಪರೂಪದ ಹೆಸರಿರುವ ಒಂದನ್ನು ಆರಿಸಿ, ಪ್ಯಾರಿಷ್ ಹಾಕಿ, ವಯಸ್ಸಿಗೆ ಎರಡು ವರ್ಷ ಹಿಂದೆಮುಂದೆ ಬಿಟ್ಟು ಹುಡುಕಿ. ಹಳ್ಳಿ ಪ್ಯಾರಿಷ್ ಚಿಕ್ಕದಿರುವುದರಿಂದ ಇದು ಹೆಚ್ಚು ಸಲ ಫಲಿಸುತ್ತದೆ.

ಸ್ಕಾಟ್ಲೆಂಡಿನ ದಾಖಲೆಗಳಲ್ಲಿ ಮದುವೆಯಾದ ಹೆಂಗಸಿನ ತವರಿನ ಅಡ್ಡಹೆಸರು ಕಳೆದುಹೋಗುವುದಿಲ್ಲ. ಗಣತಿಯಲ್ಲಿಯೂ, ಅದರಲ್ಲೂ 1841ರಲ್ಲಿ, ಹೆಂಡತಿ ಗಂಡನ ಪಕ್ಕದಲ್ಲೇ ತವರಿನ ಹೆಸರಿನಲ್ಲಿ ಕಾಣಿಸಿಕೊಳ್ಳಬಹುದು. ವಿಧವೆ ಮತ್ತೆ ಆ ಹೆಸರಿಗೆ ಮರಳಿರಬಹುದು. ಬೇರೆ ಅಡ್ಡಹೆಸರು ಕಂಡಿತೆಂದು ಆಕೆಯನ್ನು ಮನೆಗೆಲಸದವಳೆಂದು ತೀರ್ಮಾನಿಸಬೇಡಿ.

ಪುಟವೇ ಇಲ್ಲದಿರುವ ಸಾಧ್ಯತೆಯೂ ಉಂಟು. 1841ರ ಪುಸ್ತಕಗಳಲ್ಲಿ ಫೈಫ್ ಕೌಂಟಿಯ ಅಬ್ಡಿ, ಆಖ್ಟರ್‌ಮಖ್ಟಿ, ಬಾಲ್ಮೆರಿನೊ ಸೇರಿ ಹಲವು ಪ್ಯಾರಿಷ್‌ಗಳವು ಕಳೆದುಹೋಗಿವೆ.

ಚಿತ್ರ ತೆರೆದ ಮೇಲೆ

ಮೊದಲು ವಲಯದ ಪುಸ್ತಕದ ಆರಂಭದ ಪುಟ ನೋಡಿ. ಗಣತಿದಾರ ಯಾವ ಹೊಳೆಯಿಂದ ಯಾವ ರಸ್ತೆಯವರೆಗೆ, ಯಾವ ಫಾರ್ಮ್‌ಗಳನ್ನು ಹಾದು ನಡೆದ ಎಂಬ ವಿವರಣೆ ಅಲ್ಲಿರುತ್ತದೆ. ಆಮೇಲೆ ನಿಮ್ಮ ಮನೆಯ ಹಿಂದಿನ ಎರಡು, ಮುಂದಿನ ಎರಡು ಪುಟಗಳನ್ನೂ ಓದಿ. ಹಳ್ಳಿಯಲ್ಲಿ ಅಜ್ಜ, ಚಿಕ್ಕಪ್ಪ, ಮದುವೆಯಾದ ಮಗಳು ಆಸುಪಾಸಿನಲ್ಲೇ ಇರುವುದು ಹೆಚ್ಚು.

ಇದ್ದದ್ದು ಇದ್ದ ಹಾಗೆ, ತಪ್ಪನ್ನೂ ತಿದ್ದದೆ ಬರೆದುಕೊಳ್ಳಿ. ನಿಮ್ಮ ಊಹೆಗೆ ಬೇರೆ ಅಂಕಣ ಇರಲಿ. ವಯಸ್ಸಿನ ಮೇಲೆ ಅಡ್ಡಗೆರೆ, ಸರಿಗುರುತು ಕಂಡರೆ ಅದು ಆಮೇಲೆ ಲೆಕ್ಕ ಕೂಡಿಸಿದ ಗುಮಾಸ್ತರದ್ದು. ಅದರಿಂದಾಗಿಯೇ 1 ಎಂಬುದು 7ರಂತೆ, 3 ಎಂಬುದು 8ರಂತೆ ಕಾಣುತ್ತದೆ. ಸ್ಕಾಟ್ಲೆಂಡಿನ ಪುಟದಲ್ಲಿ ವಯಸ್ಸು ಗಂಡಸರಿಗೆ ಒಂದು, ಹೆಂಗಸರಿಗೆ ಒಂದು ಅಂಕಣದಲ್ಲಿ ಇರುವುದರಿಂದ, ಹೆಸರು ಓದಲಾಗದಿದ್ದರೂ ಗಂಡೋ ಹೆಣ್ಣೋ ಎನ್ನುವುದು ಸಂಖ್ಯೆ ನಿಂತಿರುವ ಜಾಗದಿಂದ ಗೊತ್ತಾಗುತ್ತದೆ. ಮೇಲಿನಂತೆಯೇ ಎಂದು ಸೂಚಿಸುವ ಡಿಟ್ಟೊ ಗುರುತು ಒಂದು ಸಾಲು ಜಾರಿದ್ದರೆ ಇಡೀ ಮನೆಯ ಹುಟ್ಟೂರು ತಪ್ಪುತ್ತದೆ, ಎಚ್ಚರ.

ವಯಸ್ಸಿನ ಲೆಕ್ಕ

1841ರಲ್ಲಿ 15 ದಾಟಿದವರ ವಯಸ್ಸನ್ನು ಐದರ ಗುಣಕಕ್ಕೆ ಇಳಿಸಿ ಬರೆಯಬೇಕೆಂದು ಸೂಚನೆಯಿತ್ತು. 29 ಇದ್ದವರು 25 ಆದರು. ಆದ್ದರಿಂದ 25 ಎಂದಿದ್ದರೆ ಹುಟ್ಟು 1811ರ ಜೂನ್ ಮತ್ತು 1816ರ ಜೂನ್ ನಡುವೆ. ಎಲ್ಲ ಗಣತಿದಾರರೂ ಸೂಚನೆ ಪಾಲಿಸಲಿಲ್ಲ. ಅದೇ ಪುಟದಲ್ಲಿ 37, 42 ಎಂಬಂಥ ಸಂಖ್ಯೆಗಳಿದ್ದರೆ ಅಲ್ಲಿ ನಿಜವಾದ ವಯಸ್ಸೇ ಇದೆ ಎಂದುಕೊಳ್ಳಬಹುದು. ಹದಿನೈದರೊಳಗಿನ ಮಕ್ಕಳದ್ದು ಇದ್ದ ವಯಸ್ಸೇ.

1851ರಿಂದ ಮುಂದೆ ಮಾಡುವ ತಪ್ಪು ಬೇರೆ: ಗಣತಿಯ ವರ್ಷದಿಂದ ವಯಸ್ಸನ್ನು ಕಳೆದು ಅದೇ ಹುಟ್ಟಿದ ವರ್ಷ ಎನ್ನುವುದು. ಗಣತಿ ನಡೆದದ್ದು ವಸಂತದಲ್ಲಿ, ವರ್ಷದ ಮುಕ್ಕಾಲು ಭಾಗ ಇನ್ನೂ ಬಾಕಿಯಿರುವಾಗ. 1871ರ ಏಪ್ರಿಲ್ 2ರಂದು 41 ಎಂದರೆ ಹುಟ್ಟು 1829ರ ಏಪ್ರಿಲ್ 3ರಿಂದ 1830ರ ಏಪ್ರಿಲ್ 2ರೊಳಗೆ. ಅಂದರೆ 1829ರ ಕಡೆಗೇ ಹೆಚ್ಚು ಒಲವು.

ಸಂಬಂಧಗಳು

ಸಂಬಂಧ ಬರೆದಿರುವುದು ಯಜಮಾನನಿಗೆ, ಅವನ ಹೆಂಡತಿಗಲ್ಲ. ಹಿರಿಯ ಮಗನಿಗೂ ಮನೆಯಾಕೆಗೂ ಹನ್ನೆರಡೇ ವರ್ಷದ ಅಂತರವಿದ್ದರೆ ಆಕೆ ಎರಡನೇ ಹೆಂಡತಿ ಆಗಿರಬಹುದು. ಅಳಿಯ, ಸೊಸೆ ಎಂದು ಬರೆದಿರುವ ಹತ್ತು ವರ್ಷದ ಮಕ್ಕಳು ಕಂಡರೆ ಗಾಬರಿ ಬೇಡ, ಆ ಕಾಲದಲ್ಲಿ ಮಲಮಕ್ಕಳನ್ನೂ ಅದೇ ಪದಗಳಿಂದ ಕರೆಯುತ್ತಿದ್ದರು.

ಅಜ್ಜ ಅಜ್ಜಿಯ ಮನೆಯಲ್ಲಿ ಬೇರೆ ಅಡ್ಡಹೆಸರಿನ ಮೊಮ್ಮಗು, ಜೊತೆಗೆ ಮದುವೆಯಾಗದ ಮಗಳು, ಇದು ಈಶಾನ್ಯ ಸ್ಕಾಟ್ಲೆಂಡಿನಲ್ಲಿ ಪದೇ ಪದೇ ಎದುರಾಗುತ್ತದೆ. ಮದುವೆಯಿಲ್ಲದೆ ಹುಟ್ಟಿದ ಮಗುವನ್ನು ತವರಿನಲ್ಲಿ ಬಿಟ್ಟು ತಾಯಿ ಬೇರೊಂದು ಫಾರ್ಮ್‌ಗೆ ದುಡಿಯಲು ಹೋಗುವುದೂ ಇತ್ತು. ಆ ಮಗುವಿನ ಅಡ್ಡಹೆಸರು ತಂದೆಯದ್ದಿರಬಹುದು. ಊರ ಚರ್ಚಿನ ಕರ್ಕ್ ಸೆಷನ್ ಎಂಬ ಹಿರಿಯರ ಸಭೆ ತಾಯಿಯನ್ನು ಕರೆಸಿ ವಿಚಾರಿಸಿರುವ ನಡಾವಳಿಯಲ್ಲಿ ತಂದೆಯ ಹೆಸರು ಸಿಗುವುದುಂಟು. ಬೋರ್ಡರ್ ಎಂದು ಬರೆದ, ಗ್ಲಾಸ್ಗೊದಲ್ಲಿ ಹುಟ್ಟಿದ ಚಿಕ್ಕ ಮಕ್ಕಳು ಉತ್ತರದ ಗುಡ್ಡಗಾಡಾದ ಹೈಲ್ಯಾಂಡ್ಸ್‌ನ ಕ್ರಾಫ್ಟ್ (ಸಣ್ಣ ಗೇಣಿ ಹಿಡುವಳಿ) ಮನೆಯಲ್ಲಿದ್ದರೆ ಅವರು ನೆಂಟರಾಗಿರಬೇಕಿಲ್ಲ: ನಗರದ ಪ್ಯಾರಿಷ್‌ಗಳು ಅನಾಥ, ನಿರ್ಗತಿಕ ಮಕ್ಕಳನ್ನು ಹಣ ಕೊಟ್ಟು ಹಳ್ಳಿಮನೆಗಳಲ್ಲಿ ಇರಿಸುತ್ತಿದ್ದವು.

ಮಕ್ಕಳ ಹೆಸರಿನ ಕ್ರಮವೂ ಸುಳಿವು ಕೊಡುತ್ತದೆ. ಮೊದಲ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯದ್ದು, ಮೂರನೆಯವನಿಗೆ ತಂದೆಯದ್ದು. ಮೊದಲ ಮಗಳಿಗೆ ತಾಯಿಯ ತಾಯಿಯದ್ದು, ಎರಡನೆಯವಳಿಗೆ ತಂದೆಯ ತಾಯಿಯದ್ದು. ಇದು ರೂಢಿ, ಕಾನೂನಲ್ಲ. ಯಾವ ದಾಖಲೆ ಮೊದಲು ತೆಗೆಸಬೇಕು ಎಂದು ನಿರ್ಧರಿಸಲು ಬಳಸಿ, ಸಾಕ್ಷಿಯಾಗಿ ಅಲ್ಲ.

ಕಸುಬು ಮತ್ತು ನೆಲ

1851ರಿಂದ 1881ರವರೆಗೆ ಫಾರ್ಮರ್ ಎಂದು ಬರೆಸಿದವನು ಎಷ್ಟು ಎಕರೆ, ಎಷ್ಟು ಆಳು ಎಂದು ಹೇಳಬೇಕಿತ್ತು. 120 ಎಕರೆ, ಮೂವರು ಗಂಡಾಳು, ಇಬ್ಬರು ಹುಡುಗಿಯರು ಎಂದಿದ್ದರೆ ಆ ಐವರನ್ನು ಅದೇ ಫಾರ್ಮ್‌ನ ಮುಂದಿನ ಸಾಲುಗಳಲ್ಲಿ ಎಣಿಸಿ ನೋಡಿ. ಕಡಿಮೆ ಬಿದ್ದವರು ಸುತ್ತಲಿನ ಕಾಟರ್ ಮನೆಗಳಲ್ಲಿ, ಅಂದರೆ ಆಳುಗಳಿಗೆಂದು ಫಾರ್ಮ್ ಕೊಡುತ್ತಿದ್ದ ಮನೆಗಳಲ್ಲಿ ಇರುತ್ತಾರೆ. ಫಾರ್ಮರ್ ಎಂದಾಕ್ಷಣ ಭೂಮಾಲೀಕ ಎಂದುಕೊಳ್ಳಬೇಡಿ. ಅವನೂ ಯಾರೋ ಜಮೀನ್ದಾರನಿಗೆ ಗೇಣಿ ಕೊಡುವವನೇ ಇರುವ ಸಾಧ್ಯತೆ ಹೆಚ್ಚು.

ಆಳುಗಳಲ್ಲಿ ದರ್ಜೆಗಳಿವೆ. ಗ್ರೀವ್ ಎಂದರೆ ಕೆಲಸ ಹಂಚುವ ಮೇಸ್ತ್ರಿ. ಪ್ಲೌಮನ್ ಒಂದು ಜೋಡಿ ಕುದುರೆಯ ಹೊಣೆ ಹೊತ್ತು ಉಳುವವನು. ಆರಾಮನ್ ಎಂಬವನು ಹೇಳಿದ ಚಿಲ್ಲರೆ ಕೆಲಸವನ್ನೆಲ್ಲ ಮಾಡುವವನು. ನಮ್ಮ ಕಿವಿಗೆ ಆ ಪದ ಆರಾಮವಾಗಿ ಕೇಳಿಸಿದರೂ ಅವನಿಗೆ ಆರಾಮವೇನೂ ಇರಲಿಲ್ಲ. ಆಗ್ನೇಯದ ಬಾರ್ಡರ್ಸ್, ಈಸ್ಟ್ ಲೋಥಿಯನ್ ಕಡೆ ಮದುವೆಯಾದ ಉಳುವ ಆಳನ್ನು ಹೈಂಡ್ ಎನ್ನುತ್ತಿದ್ದರು. ಅವನು ತನ್ನ ಜೊತೆ ಹೊಲದ ಕೆಲಸಕ್ಕೆ ಒಬ್ಬ ಹೆಂಗಸನ್ನೂ ಒದಗಿಸಬೇಕಿತ್ತು. ಆಕೆಗೆ ಬಾಂಡೇಜರ್ ಎಂದು ಹೆಸರು. ಮಗಳೋ ತಂಗಿಯೋ ಇಲ್ಲದಿದ್ದರೆ ಹೊರಗಿನವಳನ್ನು ಗೊತ್ತುಮಾಡಿ ಮನೆಯಲ್ಲೇ ಇಟ್ಟುಕೊಳ್ಳುತ್ತಿದ್ದ. ಎರಡು ಕೋಣೆಯ ಬಡವನ ಮನೆಯಲ್ಲಿ ಸರ್ವೆಂಟ್ ಇದ್ದಾಳಲ್ಲ ಎಂದು ಬೆರಗಾಗುವ ಓದುಗರಿಗೆ ಉತ್ತರ ಇಲ್ಲಿದೆ.

ಹೆಂಡತಿಯ ಕಸುಬಿನ ಅಂಕಣ ಖಾಲಿಯಿದ್ದರೆ ಆಕೆ ದುಡಿಯುತ್ತಿರಲಿಲ್ಲ ಎಂದರ್ಥವಲ್ಲ. ಹಾಲು ಕರೆಯುವುದು, ಟರ್ನಿಪ್ ಹೊಲದ ಕಳೆ, ಸುಗ್ಗಿ ಯಾವುದೂ ಆ ಅಂಕಣಕ್ಕೆ ಸುಲಭವಾಗಿ ಬರುತ್ತಿರಲಿಲ್ಲ.

ಹುಟ್ಟೂರಿನ ಅಂಕಣವನ್ನು ಓದುವುದು

ಅಬರ್ಡೀನ್‌ಶೈರ್‌ನ ಫೈವಿ ಪ್ಯಾರಿಷ್‌ನಲ್ಲಿ 1871ರ ಒಂದು ಮನೆ ಎಂದಿಟ್ಟುಕೊಳ್ಳಿ. ಕ್ರಮ ತೋರಿಸಲು ಮಾಡಿಕೊಂಡ ಉದಾಹರಣೆ ಇದು, ನಿಜವಾದ ಕುಟುಂಬವಲ್ಲ. ಯಜಮಾನ 41, ಪ್ಲೌಮನ್, ಹುಟ್ಟಿದ್ದು ಫೈವಿ. ಹೆಂಡತಿ 38, ಮೆಥ್ಲಿಕ್. ಮಗ 12, ದನ ಕಾಯುವವನು, ಮೆಥ್ಲಿಕ್. ಮಗಳು 9, ಟಾರ್ವಿಸ್. ಮಗ 6, ನ್ಯೂ ಡಿಯರ್. ಮಗಳು 2, ಫೈವಿ. ಅತ್ತೆ 67, ವಿಧವೆ, ಕಾಲುಚೀಲ ಹೆಣೆಯುವವಳು, ಮೆಥ್ಲಿಕ್. ಕಿಟಕಿಯಿರುವ ಕೋಣೆ 2.

ಪ್ಯಾರಿಷ್‌ಗಳನ್ನು ಮಕ್ಕಳ ವಯಸ್ಸಿನ ಕ್ರಮದಲ್ಲಿ ಜೋಡಿಸಿ: ಮೆಥ್ಲಿಕ್, ಟಾರ್ವಿಸ್, ನ್ಯೂ ಡಿಯರ್, ಫೈವಿ. ಎಲ್ಲವೂ ಒಂದೇ ಸೀಮೆಯ ಊರುಗಳು. ಹನ್ನೆರಡು ವರ್ಷದಲ್ಲಿ ಕನಿಷ್ಠ ನಾಲ್ಕು ಕಡೆ ಬಿಡಾರ. ಕನಿಷ್ಠ ಎನ್ನಲು ಕಾರಣ, ಒಂದೇ ಪ್ಯಾರಿಷ್‌ನೊಳಗೆ ಫಾರ್ಮ್ ಬದಲಿಸಿದ್ದು ಇಲ್ಲಿ ಕಾಣುವುದಿಲ್ಲ, ಮಗು ಹುಟ್ಟದ ಊರೂ ಕಾಣುವುದಿಲ್ಲ. ಇದಕ್ಕೆ ಹಿನ್ನೆಲೆ ಆಳಿನ ಒಪ್ಪಂದ ಮುಗಿದು ಹೊಸದು ಶುರುವಾಗುತ್ತಿದ್ದ ವಿಟ್‌ಸಂಡೆ ಮತ್ತು ಮಾರ್ಟಿನ್‌ಮಸ್ ಗಡುವುಗಳು: ಮೇ 15 ಮತ್ತು ನವೆಂಬರ್ 11, ಹಳೆಯ ಪಂಚಾಂಗದ ಲೆಕ್ಕ ಹಿಡಿದ ಕಡೆ ಮೇ 26 ಮತ್ತು ನವೆಂಬರ್ 22. ಆಳುಗಳ ಸಂತೆಯಲ್ಲಿ ಹೊಸ ಧಣಿಯೊಂದಿಗೆ ಮಾತಾಗಿ, ಗಡುವಿನ ದಿನ ಗಾಡಿಗೆ ಸಾಮಾನು ಏರಿಸುತ್ತಿದ್ದರು. 1841ರ ಗಣತಿ ಮೇ ಗಡುವು ದಾಟಿದ ಮೇಲೆ ಬಂತು, ಉಳಿದವೆಲ್ಲ ಗಡುವಿಗೆ ಮುಂಚೆ. ಹಾಗಾಗಿ 1841ರ ವಿಳಾಸ ಮನೆಯವರು ಆಗಷ್ಟೇ ಬಂದ ಫಾರ್ಮ್ ಆಗಿರಬಹುದು. 1851ರ ವಿಳಾಸ ಇನ್ನೆರಡು ತಿಂಗಳಲ್ಲಿ ಬಿಡಲಿರುವ ಫಾರ್ಮ್ ಆಗಿರಬಹುದು.

ಇನ್ನು ಪ್ರಮಾಣಪತ್ರದ ಲೆಕ್ಕ. ಸ್ಕಾಟ್ಲೆಂಡಿನಲ್ಲಿ ಜನನ ಮರಣ ನೋಂದಣಿ ಕಡ್ಡಾಯವಾದದ್ದು 1855ರ ಜನವರಿ 1ರಿಂದ. ಆ ಒಂದು ವರ್ಷದ ಜನನಪತ್ರ ಅತಿ ವಿವರವಾದದ್ದು: ತಂದೆತಾಯಿಯ ವಯಸ್ಸು, ಹುಟ್ಟೂರು, ಮದುವೆ, ಹಿಂದಿನ ಮಕ್ಕಳ ಸಂಖ್ಯೆ. 1856ರಿಂದ 1860ರವರೆಗಿನ ಪತ್ರಗಳಲ್ಲಿ ತಂದೆತಾಯಿಯ ಮದುವೆಯ ತಾರೀಖು, ಸ್ಥಳ ಇಲ್ಲ. 1861ರಿಂದ ಮತ್ತೆ ಇದೆ. ನಮ್ಮ ಉದಾಹರಣೆಯಲ್ಲಿ ಹಿರಿಯ ಮಗ ಹುಟ್ಟಿದ್ದು 1858–59ರಲ್ಲಿ. ಚೊಚ್ಚಲ ಎಂದು ಅವನ ಪತ್ರಕ್ಕೆ ಮೊದಲು ಹಣ ಹಾಕಿದರೆ ಮದುವೆಯ ಸುದ್ದಿ ಸಿಗದು. ಟಾರ್ವಿಸ್‌ನಲ್ಲಿ 1861–62ರಲ್ಲಿ ಹುಟ್ಟಿದ ಮಗಳ ಪತ್ರ ತೆಗೆಸಿದರೆ ಅದರಲ್ಲೇ ಸಿಗುತ್ತದೆ.

ಹಿರಿಯ ಮಗನ ಹುಟ್ಟೂರು, ಹೆಂಡತಿಯದ್ದು, ಅತ್ತೆಯದ್ದು ಮೂರೂ ಮೆಥ್ಲಿಕ್. ಚೊಚ್ಚಲ ಹೆರಿಗೆಗೆ ತಾಯಿಯ ಬಳಿ ಹೋಗುವುದು ಅಲ್ಲಿಯೂ ಇತ್ತು. ಆದ್ದರಿಂದ ಗಂಡನೂ ಆಗ ಮೆಥ್ಲಿಕ್‌ನಲ್ಲೇ ದುಡಿಯುತ್ತಿದ್ದ ಎನ್ನಲಾಗದು. 1861ರ ಗಣತಿಯಲ್ಲಿ ಎರಡು ವರ್ಷದ ಆ ಹುಡುಗನನ್ನು ಮೊದಲು ಮೆಥ್ಲಿಕ್‌ನಲ್ಲಿ ಅಜ್ಜಿಯ ಮನೆಯಲ್ಲಿ, ಆಮೇಲೆ ಟಾರ್ವಿಸ್‌ನಲ್ಲಿ ಹುಡುಕಿ. ಅತ್ತೆಯ ಅಡ್ಡಹೆಸರು ಹೆಂಡತಿಯ ತವರಿನದ್ದಾಗಿರಬಹುದು, ಆದರೆ ವಿಧವೆ ತನ್ನ ತವರಿನ ಹೆಸರಿಗೆ ಮರಳಿದ್ದರೆ ಅದು ಒಂದು ತಲೆಮಾರು ಹಿಂದಿನದ್ದು. ಆರು ಮತ್ತು ಎರಡು ವರ್ಷದ ಮಕ್ಕಳ ನಡುವಿನ ಅಂತರ ನೋಡಿ. ಉಳಿದ ಮಕ್ಕಳ ನಡುವೆ ಮೂರು ವರ್ಷ, ಇಲ್ಲಿ ನಾಲ್ಕು. ಅದೊಂದೇ ಆಧಾರವಲ್ಲದಿದ್ದರೂ 1865ರಿಂದ 1868ರವರೆಗೆ ನ್ಯೂ ಡಿಯರ್ ಮತ್ತು ಫೈವಿಯ ಶಿಶುಮರಣದ ಸೂಚಿಯನ್ನು ಒಮ್ಮೆ ನೋಡುವುದು ಒಳ್ಳೆಯದು. ಗಣತಿಯಿಂದ ಗಣತಿಯ ನಡುವೆ ಹುಟ್ಟಿ ಸತ್ತ ಮಗು ಯಾವ ಗಣತಿಯಲ್ಲೂ ಇರುವುದಿಲ್ಲ.

ಹೆಂಡತಿಯ ಹುಟ್ಟೂರು ಒಂದು ಗಣತಿಯಲ್ಲಿ ಮೆಥ್ಲಿಕ್, ಇನ್ನೊಂದರಲ್ಲಿ ಟಾರ್ವಿಸ್ ಎಂದಿದ್ದರೆ ಇಬ್ಬರು ಹೆಂಗಸರೆಂದು ಅವಸರಪಡಬೇಡಿ. ಗಡಿಯ ಫಾರ್ಮ್‌ನಲ್ಲಿ ಹುಟ್ಟಿದವರಿಗೆ, ಚಿಕ್ಕಂದಿನಲ್ಲೇ ಊರು ಬಿಟ್ಟವರಿಗೆ ಈ ಗೊಂದಲ ಸಹಜ. ಹೆಂಡತಿಯ ಪರವಾಗಿ ಗಂಡನೇ ಹೇಳಿದ್ದರಂತೂ ಇನ್ನೂ ಸಹಜ.

ಮನೆಯಲ್ಲಿ ಇಲ್ಲದವರು

ಹದಿಮೂರು ಹದಿನಾಲ್ಕು ತುಂಬಿದ ಮಕ್ಕಳು ಮನೆ ಬಿಟ್ಟು ಆಳಾಗಿ ಸೇರುತ್ತಿದ್ದರು. ಅವರನ್ನು ಸುತ್ತಲಿನ ಪ್ಯಾರಿಷ್‌ಗಳ ಫಾರ್ಮ್‌ಗಳಲ್ಲಿ ಸರ್ವೆಂಟ್ ಎಂಬ ಸಂಬಂಧದಡಿ ಹುಡುಕಿ. ಮದುವೆಯಾಗದ ಗಂಡಾಳುಗಳು ಉಳಿಯುತ್ತಿದ್ದ ಜಾಗ ಸೀಮೆಗೆ ತಕ್ಕಂತೆ ಬೇರೆ. ಆಂಗಸ್, ಪರ್ತ್‌ಶೈರ್ ಕಡೆ ಬಾತಿ ಎಂಬ ಪ್ರತ್ಯೇಕ ಕಟ್ಟಡ, ಅಡುಗೆಯೂ ಅವರದ್ದೇ. ಗಣತಿಯಲ್ಲಿ ಅದಕ್ಕೆ ಬೇರೆಯೇ ಮನೆ ಸಂಖ್ಯೆ ಬೀಳುತ್ತದೆ, ಐದಾರು ಹುಡುಗರ ಪೈಕಿ ಒಬ್ಬ ಯಜಮಾನ ಎನಿಸಿಕೊಳ್ಳುತ್ತಾನೆ. ಅಬರ್ಡೀನ್‌ಶೈರ್‌ನಲ್ಲಿ ಕೊಟ್ಟಿಗೆಯ ಬಳಿಯ ಚಾಮರ್ ಎಂಬ ಕೋಣೆಯಲ್ಲಿ ಮಲಗಿ, ಊಟಕ್ಕೆ ಫಾರ್ಮ್‌ನ ಅಡುಗೆಮನೆಗೆ ಹೋಗುತ್ತಿದ್ದರು.

ಈಶಾನ್ಯದಲ್ಲಿ ಮದುವೆಯಾದ ಆಳುಗಳಿಗೂ ಸಾಕಷ್ಟು ಮನೆಗಳಿರಲಿಲ್ಲ. ಗಂಡ ಚಾಮರ್‌ನಲ್ಲಿ, ಹೆಂಡತಿ ಮಕ್ಕಳು ಹಳ್ಳಿಯಲ್ಲಿ ಬಾಡಿಗೆಗೆ. ಯಜಮಾನನ ಜಾಗದಲ್ಲಿ ಹೆಂಡತಿ ಇದ್ದು ಪ್ಲೌಮನ್‌ನ ಹೆಂಡತಿ ಎಂದು ಕಸುಬು ಬರೆದಿದ್ದರೆ ಗಂಡ ಸತ್ತ ಅಥವಾ ಓಡಿಹೋದ ಎಂದುಕೊಳ್ಳಬೇಡಿ. ನಾಲ್ಕೈದು ಮೈಲಿ ದೂರದ ಫಾರ್ಮ್‌ನ ಪುಟದಲ್ಲಿ ವಿವಾಹಿತ ಸರ್ವೆಂಟ್ ಆಗಿ ಸಿಗಬಹುದು.

ತಾಳೆ ನೋಡಲು

ಫಾರ್ಮ್‌ನ ಹೆಸರನ್ನು ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆಯಾದ ಆರ್ಡ್‌ನೆನ್ಸ್ ಸರ್ವೆಯ, ಮೈಲಿಗೆ ಆರು ಇಂಚು ಅಳತೆಯ ಹಳೆ ನಕ್ಷೆಯಲ್ಲಿ ಹುಡುಕಿ. ನ್ಯಾಷನಲ್ ಲೈಬ್ರರಿ ಆಫ್ ಸ್ಕಾಟ್ಲೆಂಡ್ ಅದನ್ನು ಜಾಲದಲ್ಲಿ ಉಚಿತವಾಗಿಟ್ಟಿದೆ. 1855ರಿಂದ ವರ್ಷವರ್ಷವೂ ತಯಾರಾದ ವ್ಯಾಲ್ಯುಯೇಶನ್ ರೋಲ್ ಎಂಬ ಆಸ್ತಿ ಪಟ್ಟಿಯಲ್ಲಿ ಮಾಲೀಕ ಯಾರು, ಗೇಣಿದಾರ ಯಾರು, ಬಾಡಿಗೆ ಮೌಲ್ಯ ಎಷ್ಟು ಎಂದಿರುತ್ತದೆ. ಗಣತಿಗಳ ನಡುವಿನ ಹತ್ತು ವರ್ಷ ತುಂಬಲು ಗೇಣಿದಾರರ ಮಟ್ಟಿಗೆ ಇದಕ್ಕಿಂತ ಒಳ್ಳೆಯ ದಾಖಲೆ ಇಲ್ಲ, ಕಾಟರ್ ಮನೆಯ ಆಳುಗಳಿಗೆ ಅಷ್ಟು ಭರವಸೆ ಬೇಡ. 1855ಕ್ಕೆ ಹಿಂದಿನ ಜನನಕ್ಕೆ ಚರ್ಚ್ ಆಫ್ ಸ್ಕಾಟ್ಲೆಂಡ್‌ನ ಪ್ಯಾರಿಷ್ ರಿಜಿಸ್ಟರ್ ನೋಡಬೇಕು. 1843ರಲ್ಲಿ ಚರ್ಚ್ ಒಡೆದು ಫ್ರೀ ಚರ್ಚ್ ಹುಟ್ಟಿತು. ಅಲ್ಲಿಗೆ ಹೋದ ಮನೆಗಳ ಮಕ್ಕಳ ದೀಕ್ಷಾಸ್ನಾನ ಈ ರಿಜಿಸ್ಟರ್‌ನಲ್ಲಿ ಇರುವುದಿಲ್ಲ. ಅಣ್ಣಂದಿರೆಲ್ಲ ಸಿಕ್ಕಿ 1845ರ ತಮ್ಮ ಮಾತ್ರ ಸಿಗದಿದ್ದರೆ ಮೊದಲು ಇದನ್ನೇ ಶಂಕಿಸಿ.

ಹುಟ್ಟೂರಿನ ಅಂಕಣದಲ್ಲಿ ಈಸ್ಟ್ ಇಂಡೀಸ್ ಎಂದಿದ್ದರೆ ಅದು ಸಾಮಾನ್ಯವಾಗಿ ಭಾರತ. ಪಿಂಚಣಿ ಪಡೆದು ಹಳ್ಳಿಗೆ ಮರಳಿದ ಸೈನಿಕರ ಮನೆಗಳಲ್ಲಿ ಇಂಥ ಮಕ್ಕಳು ಕಾಣುತ್ತಾರೆ. ಬೆಂಗಳೂರು ದಂಡಿನಲ್ಲಿ ಹುಟ್ಟಿದವರಾದರೆ ಅವರ ದೀಕ್ಷಾಸ್ನಾನ ಸ್ಕಾಟ್ಲೆಂಡಿನಲ್ಲಿ ಸಿಗದು. ಮದರಾಸು ಪ್ರೆಸಿಡೆನ್ಸಿಯ ಚರ್ಚ್ ವರದಿಗಳಲ್ಲಿ, ಅಂದರೆ ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳ ಎನ್/2 ಸರಣಿಯಲ್ಲಿ ಹುಡುಕಬೇಕು. ಹೆಸರಿನ ಜೊತೆ ತಂದೆಯ ರೆಜಿಮೆಂಟ್ ಗೊತ್ತಿದ್ದರೆ ಒಂದೇ ಹೆಸರಿನ ಹಲವರನ್ನು ಬೇರ್ಪಡಿಸುವುದು ಸುಲಭ. ಅದನ್ನು ಗಣತಿಯಲ್ಲಿ ಅವನ ಕಸುಬಿನ ಅಂಕಣದಲ್ಲಿಯೇ ಕೆಲವೊಮ್ಮೆ ಬರೆದಿರುತ್ತಾರೆ.